ಎಎನ್‌ಎಂ, ಜಿಎನ್‌ಎಂ, ಬಿಎಸ್ಸಿ ನರ್ಸಿಂಗ್: ಮೊದಲು ಹಾಸಿಗೆ ಎಣಿಸಿ, ಆಮೇಲೆ ಕೋರ್ಸು ಆರಿಸಿ

ಮೇ ತಿಂಗಳ ಒಂದು ಭಾನುವಾರ ನರ್ಸ್ ಆಗಿರುವ ನನ್ನನ್ನು ಕೇಳಲೆಂದು ಕುಣಿಗಲ್‌ನಿಂದ ಅಣ್ಣ ಬಂದಿದ್ದ, ಜೊತೆಗೆ ಮಗಳು. ಕೈಯಲ್ಲಿದ್ದ ಬಟ್ಟೆ ಅಂಗಡಿಯ ಚೀಲದ ತುಂಬ ಬೆಂಗಳೂರಿನ ನರ್ಸಿಂಗ್ ಕಾಲೇಜುಗಳ ಪ್ರಚಾರ ಪುಸ್ತಿಕೆಗಳು. ಚಾಪೆಯ ಮೇಲೆ ಹರಡಿ ಎಣಿಸಿದೆವು, ಹನ್ನೊಂದು. ಹನ್ನೊಂದರಲ್ಲೂ ಕಟ್ಟಡದ ಚಿತ್ರವಿತ್ತು. ಏಳರಲ್ಲಿ ವಿಮಾನದ ಚಿತ್ರವಿತ್ತು. ರೋಗಿ ಮಲಗಿದ್ದ ಹಾಸಿಗೆಯ ಚಿತ್ರ ಎರಡರಲ್ಲಿ ಮಾತ್ರ.

"ಅತ್ತೆ, ಬಿಎಸ್ಸಿ ಮಾಡಲೋ, ಜಿಎನ್‌ಎಂ ಮಾಡಲೋ? ನೀವು ಹೇಳಿದ ಹಾಗೆ" ಎಂದಳು ಹುಡುಗಿ. ಮೊದಲನೆಯದು ನಾಲ್ಕು ವರ್ಷದ ಪದವಿ, ಎರಡನೆಯದು ಮೂರು ವರ್ಷದ ಡಿಪ್ಲೊಮಾ. ಪಿಯುಸಿಯಲ್ಲಿ ವಿಜ್ಞಾನ, 61 ಪ್ರತಿಶತ ಅಂಕ, ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಸಿಇಟಿ ಬರೆದಿದ್ದಳು, ಫಲಿತಾಂಶ ಇನ್ನೂ ಬಂದಿರಲಿಲ್ಲ. ಅಣ್ಣನದು ಬೇರೆಯೇ ಆತುರ. "ಸೋಮವಾರದೊಳಗೆ ಮುಂಗಡ ಕಟ್ಟಿದರೆ ಹತ್ತು ಸಾವಿರ ಕಡಿಮೆ ಮಾಡುತ್ತಾರಂತೆ, ಒಬ್ಬರು ಫೋನ್ ಮಾಡಿದ್ದರು" ಎಂದ. ಫೋನ್ ಮಾಡಿದವರು ಕಾಲೇಜಿನವರಲ್ಲ, ಏಜೆಂಟ್. ಕಟ್ಟಬೇಡ ಎಂದೆ. ಅಂದು ಸಂಜೆಯವರೆಗೂ ಆ ಇಬ್ಬರಿಗೆ ಹೇಳಿದ್ದನ್ನೇ ಇಲ್ಲಿ ವಿಸ್ತರಿಸಿ ಬರೆಯುತ್ತಿದ್ದೇನೆ. ಈ ಕಾಲದಲ್ಲಿ ಇಂಥದೇ ಚೀಲ ಹಿಡಿದು ಮೆಜೆಸ್ಟಿಕ್‌ನಲ್ಲಿ ಇಳಿಯುವ ಅಪ್ಪ ಮಕ್ಕಳು ಅವರಿಬ್ಬರೇ ಅಲ್ಲ.

ಕೊರತೆ ಇರುವುದು ಎಲ್ಲಿ?

"ನರ್ಸ್‌ಗಳ ಕೊರತೆ ಇದೆ, ಓದಿದರೆ ಕೆಲಸ ಗ್ಯಾರಂಟಿ" ಎಂಬುದು ಎಲ್ಲ ಪುಸ್ತಿಕೆಗಳ ಮೊದಲ ಸಾಲು. ಅರ್ಧ ಮಾತ್ರ ನಿಜ. ದೇಶದಲ್ಲಿ ಅತಿ ಹೆಚ್ಚು ನರ್ಸಿಂಗ್ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ನೂರಾರು ಕಾಲೇಜುಗಳಿವೆ, ಅವುಗಳ ದೊಡ್ಡ ಗುಂಪು ಬೆಂಗಳೂರಿನ ಸುತ್ತಲೇ ಇದೆ. ಕೇರಳದಿಂದ, ಪಶ್ಚಿಮ ಬಂಗಾಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಇಲ್ಲಿಗೆ ಬಂದು ಓದುತ್ತಾರೆ. ಹಾಗಾಗಿ ಪ್ರಮಾಣಪತ್ರ ಹಿಡಿದವರಿಗೆ ಈ ಊರಿನಲ್ಲಿ ಬರವಿಲ್ಲ.

ಬರ ಇರುವುದು ವಾರ್ಡಿನಲ್ಲಿ. ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದಂತೆ ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿಗೆ ಮೂರು ಹಾಸಿಗೆಗೊಬ್ಬ ನರ್ಸ್ ಬೇಕು. ಮೂರು ಪಾಳಿಗೆ ಹಂಚಿದರೆ ಒಂದು ಪಾಳಿಯಲ್ಲಿ ಒಂಬತ್ತು ಹಾಸಿಗೆಗೊಬ್ಬರು. ರಜೆ ಹೋಗುವವರ ಬದಲಿಗೆಂದು ಇದರ ಮೇಲೆ ಇನ್ನೂ ಶೇ. 30. ಅಂದರೆ 36 ಹಾಸಿಗೆಯ ವಾರ್ಡಿನಲ್ಲಿ ರಾತ್ರಿ ನಾಲ್ವರು ಇರಬೇಕು. ನಾನು ದುಡಿದ ವಾರ್ಡುಗಳಲ್ಲಿ ರಾತ್ರಿ ಇಬ್ಬರಿದ್ದರೆ ಅದು ಒಳ್ಳೆಯ ರಾತ್ರಿ. ಓದಿದವರಿದ್ದಾರೆ, ಕೆಲಸವೂ ಇದೆ. ಇವೆರಡನ್ನು ಸೇರಿಸಬೇಕಾದ ಹುದ್ದೆಗಳು, ಬದುಕಲು ಸಾಲುವ ಸಂಬಳ ಇಲ್ಲ. ಸಂಬಳ ಸಾಲದೆ ಎರಡು ವರ್ಷ ಅನುಭವ ಗಳಿಸಿ ಹೊರದೇಶಕ್ಕೆ ಹೋಗುವವರು ಹೋಗುತ್ತಾರೆ, ಅವರ ಜಾಗಕ್ಕೆ ಹೊಸಬರು ಬರುತ್ತಾರೆ. ಆಸ್ಪತ್ರೆಗೆ ಯಾವಾಗಲೂ ಹೊಸಬರೇ.

ಸಂಬಳದ ವಿಷಯ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. 2016ರ ಜನವರಿಯ ನಿರ್ದೇಶನದ ಮೇರೆಗೆ ಕೇಂದ್ರ ಸರ್ಕಾರ ನೇಮಿಸಿದ ಸಮಿತಿಯ ಶಿಫಾರಸು ಹೀಗಿದೆ: 200ಕ್ಕೂ ಹೆಚ್ಚು ಹಾಸಿಗೆಯ ಖಾಸಗಿ ಆಸ್ಪತ್ರೆಗಳು ರಾಜ್ಯ ಸರ್ಕಾರಿ ನರ್ಸ್‌ಗೆ ಸಮನಾದ ಸಂಬಳ ಕೊಡಬೇಕು, 100ಕ್ಕೂ ಹೆಚ್ಚು ಹಾಸಿಗೆ ಇದ್ದರೆ ಅದಕ್ಕಿಂತ ಶೇ. 10ಕ್ಕಿಂತ ಹೆಚ್ಚು ಇಳಿಯಬಾರದು. 50ರಿಂದ 100 ಇದ್ದರೆ ಶೇ. 25ಕ್ಕಿಂತ ಹೆಚ್ಚು ಇಳಿಯಬಾರದು. 50ಕ್ಕಿಂತ ಕಡಿಮೆ ಇರುವಲ್ಲಿಯೂ 20,000 ರೂಪಾಯಿಗೆ ಕಡಿಮೆ ಇರಕೂಡದು. ಈ ನಾಲ್ಕು ಸಾಲುಗಳನ್ನು ಪ್ರತಿಯೊಬ್ಬ ನರ್ಸಿಂಗ್ ವಿದ್ಯಾರ್ಥಿಯೂ ಬಾಯಿಪಾಠ ಮಾಡಿರಬೇಕು ಎಂಬುದು ನನ್ನ ಆಸೆ. ಮೊದಲ ಸಂದರ್ಶನದಲ್ಲಿ ಸಂಬಳ ಹೇಳಿದಾಗ ಹೋಲಿಸಿ ನೋಡಲು ಕೈಯಲ್ಲಿ ಒಂದು ಅಳತೆಗೋಲಾದರೂ ಇರುತ್ತದೆ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಇಷ್ಟೊಂದು ಪ್ರಮಾಣಪತ್ರಗಳ ನಡುವೆ ನಿಮ್ಮ ಮಗಳ ಪ್ರಮಾಣಪತ್ರವನ್ನು ಬೇರೆಯಾಗಿಸುವುದು ಅವಳ ಕೈಯ ಕಸುಬು. ಆ ಕಸುಬು ಕಟ್ಟಡದಲ್ಲಿ ಬರುವುದಿಲ್ಲ, ಹಾಸಿಗೆಯ ಪಕ್ಕದಲ್ಲಿ ಬರುತ್ತದೆ.

ಮೂರು ದಾರಿಗಳು

ಎಎನ್‌ಎಂ (ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್) ಎರಡು ವರ್ಷದ ಕೋರ್ಸು, ಹೆಣ್ಣುಮಕ್ಕಳಿಗೆ ಮಾತ್ರ, ಪಿಯುಸಿಯಲ್ಲಿ ಯಾವ ವಿಷಯ ಓದಿದ್ದರೂ ಆಗುತ್ತದೆ. ಹಳ್ಳಿಯ ಉಪಕೇಂದ್ರದಲ್ಲಿ ಲಸಿಕೆ, ಗರ್ಭಿಣಿಯರ ತಪಾಸಣೆ, ಬಾಣಂತಿಯರ ಮನೆ ಭೇಟಿ ಮಾಡುವ, ಜನ ಇಂದಿಗೂ 'ನರ್ಸಮ್ಮ' ಎಂದು ಕರೆಯುವ ಹೆಣ್ಣುಮಗಳ ಓದು ಇದು. ಸಮುದಾಯದ ಕೆಲಸ ಇಷ್ಟವಿದ್ದು, ಸ್ವಂತ ತಾಲ್ಲೂಕಿನಲ್ಲೇ ಇರಬೇಕು ಎನ್ನುವವರಿಗೆ ಗೌರವದ ದಾರಿ. ಆದರೆ ಬೆಂಗಳೂರಿನ ದೊಡ್ಡ ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ನಿಲ್ಲುವ ಕನಸಿದ್ದರೆ ಈ ದಾರಿ ಹಿಡಿಯಬಾರದು.

ಜಿಎನ್‌ಎಂ ಮೂರು ವರ್ಷದ ಡಿಪ್ಲೊಮಾ. ಕಲೆ, ವಾಣಿಜ್ಯ ಓದಿದವರೂ ಸೇರಬಹುದು, ಪಿಯುಸಿಯಲ್ಲಿ ಶೇ. 40 ಬೇಕು. ಪರೀಕ್ಷೆ ನಡೆಸುವುದು ರಾಜ್ಯದ ಡಿಪ್ಲೊಮಾ ಇನ್ ನರ್ಸಿಂಗ್ ಪರೀಕ್ಷಾ ಮಂಡಳಿ. ಈ ಕೋರ್ಸನ್ನು ಮುಚ್ಚುತ್ತಾರಂತೆ ಎಂಬ ಸುದ್ದಿ ಹಲವು ವರ್ಷಗಳಿಂದ ಎದ್ದು ಮತ್ತೆ ತಣ್ಣಗಾಗುತ್ತಲೇ ಇದೆ. ನಾನೂ ಜಿಎನ್‌ಎಂ ಮಾಡಿದವಳೇ. 2006ರಲ್ಲಿ ಸೇರಿದಾಗ ಅದು ಮೂರೂವರೆ ವರ್ಷ ಇತ್ತು. ಮಿಷನ್ ಆಸ್ಪತ್ರೆಯೊಂದರ ಶಾಲೆ. ಬೆಳಿಗ್ಗೆ ಏಳೂವರೆಗೆ ವಾರ್ಡಿನಲ್ಲಿರಬೇಕು, ಬೆಡ್‌ಶೀಟಿನ ಮೂಲೆ ಸರಿಯಾಗಿ ಮಡಿಚಿರದಿದ್ದರೆ ಸಿಸ್ಟರ್ ಮತ್ತೆ ಬಿಚ್ಚಿಸುತ್ತಿದ್ದರು. ಅಲ್ಲಿ ಕಲಿತದ್ದು ಇಂದಿಗೂ ಕೈಯಲ್ಲಿದೆ.

ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಗ್ಲಿಷ್ ಓದಿ ಶೇ. 45 ಅಂಕ ಪಡೆದಿರಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 40. ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. 2021ರ ಹೊಸ ಪಠ್ಯಕ್ರಮದಿಂದ ಎಂಟು ಸೆಮಿಸ್ಟರ್‌ಗಳಾಗಿವೆ, ಕೊನೆಯದು ಪೂರ್ತಿ ಆಸ್ಪತ್ರೆಯಲ್ಲಿ. ಸರ್ಕಾರಿ ಕೋಟಾದ ಸೀಟುಗಳು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಮೂಲಕ ಹಂಚಿಕೆಯಾಗುತ್ತವೆ.

ಜಿಎನ್‌ಎಂ ಮತ್ತು ಬಿಎಸ್ಸಿ ನಡುವೆ ತೂಗುವಾಗ ಜನ ಒಂದು ಲೆಕ್ಕ ತಪ್ಪುತ್ತಾರೆ. ಜಿಎನ್‌ಎಂ ಮಾಡಿ ಆಮೇಲೆ ಡಿಪ್ಲೊಮಾ ಆದವರಿಗೆಂದೇ ಇರುವ ಪೋಸ್ಟ್ ಬೇಸಿಕ್ ಬಿಎಸ್ಸಿ ಮಾಡಿದರೆ ಮೂರು ಮತ್ತು ಎರಡು ಸೇರಿ ಐದು ವರ್ಷ. ನೇರ ಬಿಎಸ್ಸಿ ನಾಲ್ಕೇ ವರ್ಷ. ಕೇಂದ್ರದ ಏಮ್ಸ್ ಆಸ್ಪತ್ರೆಗಳಿಗೆ ನರ್ಸ್‌ಗಳನ್ನು ನೇಮಿಸಲು ಏಮ್ಸ್ ನಡೆಸುವ ನಾರ್ಸೆಟ್ ಪರೀಕ್ಷೆಗೆ ಬಿಎಸ್ಸಿ ಮುಗಿಸಿ ನೋಂದಣಿಯಾದವರು ಕೂಡಲೇ ಅರ್ಜಿ ಹಾಕಬಹುದು. ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಏಳನೆಯ ವೇತನ ಆಯೋಗದಂತೆ ಅಲ್ಲಿನ ನರ್ಸಿಂಗ್ ಆಫೀಸರ್ ಹುದ್ದೆಯ ಆರಂಭದ ಮೂಲವೇತನ 44,900 ರೂಪಾಯಿ. ಹುದ್ದೆಗಳಲ್ಲಿ ಶೇ. 80 ಹೆಂಗಸರಿಗೆ, ಶೇ. 20 ಗಂಡಸರಿಗೆ, ಗಂಡುಮಕ್ಕಳನ್ನು ನರ್ಸಿಂಗ್‌ಗೆ ಕಳಿಸುವ ಮನೆಯವರು ಇದನ್ನೂ ತಿಳಿದಿರಲಿ. ಊರಿನ ಆರೋಗ್ಯ ಕ್ಷೇಮ ಕೇಂದ್ರಗಳಲ್ಲಿರುವ ಸಮುದಾಯ ಆರೋಗ್ಯ ಅಧಿಕಾರಿ ಹುದ್ದೆಗೂ ಬಿಎಸ್ಸಿಯವರಿಗೆ ದಾರಿ ಹತ್ತಿರ. ಎಂಎಸ್ಸಿ ಮಾಡಿ ಪಾಠ ಹೇಳುವ ಆಸೆ ಇದ್ದರೂ ಅಷ್ಟೇ, ಬಿಎಸ್ಸಿ ಆದ ಮೇಲೆ ಒಂದು ವರ್ಷ ದುಡಿದರೆ ಅರ್ಹತೆ ಬರುತ್ತದೆ.

ಆದ್ದರಿಂದ ವಿಜ್ಞಾನ ಓದಿ ಅಂಕ ಇರುವವರಿಗೆ, ಮನೆಯಲ್ಲಿ ನಾಲ್ಕು ವರ್ಷ ತಡೆಯುವ ಶಕ್ತಿ ಇದ್ದರೆ, ಬಿಎಸ್ಸಿಯೇ ಸರಿ. ಇದಕ್ಕೊಂದು ತಿದ್ದುಪಡಿ ಇದೆ, ಅದು ನನಗೆ ಕೋರ್ಸಿಗಿಂತ ಮುಖ್ಯ. ರೋಗಿಗಳೇ ಇಲ್ಲದ ಕಾಲೇಜಿನ ಬಿಎಸ್ಸಿಗಿಂತ ತುಂಬಿದ ಆಸ್ಪತ್ರೆಯ ಜಿಎನ್‌ಎಂ ಮೇಲು. ಈ ಮಾತಿಗೆ ಅಣ್ಣ ಒಪ್ಪಲಿಲ್ಲ. "ಡಿಗ್ರಿ ಡಿಗ್ರಿಯೇ ಅಲ್ಲವೇನಮ್ಮ?" ಎಂದ. ಅವನಿಗೆ ಒಂದು ರಾತ್ರಿಯ ಕಥೆ ಹೇಳಿದೆ.

ಒಂದು ಬಾಟಲಿ ರಕ್ತ

ಕೆಲವು ವರ್ಷಗಳ ಹಿಂದೆ ನನ್ನ ಜೊತೆ ನೈಟ್ ಡ್ಯೂಟಿಗೆ ಹೊಸ ಹುಡುಗಿಯೊಬ್ಬಳು ಬಂದಳು. ಬಿಎಸ್ಸಿ, ಒಳ್ಳೆಯ ಅಂಕ, ಮಾತು ಮೃದು. ರಾತ್ರಿ ಹನ್ನೊಂದಕ್ಕೆ ಒಬ್ಬ ಅಜ್ಜನಿಗೆ ರಕ್ತ ಕೊಡಬೇಕಿತ್ತು. ಹಂತಗಳನ್ನು ಕೇಳಿದೆ, ಒಂದೂ ಬಿಡದೆ ಹೇಳಿದಳು: ಹೆಸರು, ಆಸ್ಪತ್ರೆ ಸಂಖ್ಯೆ, ಗುಂಪು, ಚೀಲದ ಸಂಖ್ಯೆ ಇಬ್ಬರು ನೋಡಬೇಕು, ಮೊದಲ ಹದಿನೈದು ನಿಮಿಷ ನಿಧಾನವಾಗಿ ಬಿಡಬೇಕು, ಪಕ್ಕದಲ್ಲೇ ಇರಬೇಕು. ಎಲ್ಲವನ್ನೂ ಇಬ್ಬರೂ ನೋಡಿ ರಕ್ತ ಏರಿಸಿದೆವು. ಅವಳನ್ನು ಅಜ್ಜನ ಬಳಿ ನಿಲ್ಲಿಸಿ ನಾನು ವಾರ್ಡಿನ ಆ ತುದಿಗೆ ಹೋದೆ.

ಹತ್ತು ನಿಮಿಷದಲ್ಲಿ ಅಜ್ಜ "ಚಳಿ ಆಗ್ತಾ ಇದೆ ಕಣಮ್ಮ" ಎಂದಿದ್ದಾನೆ. ಅವಳು ಕಂಬಳಿ ಹೊದಿಸಿದ್ದಾಳೆ. ನಾನು ಹಿಂತಿರುಗಿದಾಗ ಅಜ್ಜನ ದವಡೆ ಕಟಕಟ ಎನ್ನುತ್ತಿತ್ತು, ರಕ್ತ ಹನಿಯುತ್ತಲೇ ಇತ್ತು. ಕ್ಲಾಂಪ್ ಮುಚ್ಚಿ, ಸೆಟ್ ಬದಲಿಸಿ ಸಲೈನ್ ಹಚ್ಚಿ, ಡಾಕ್ಟರನ್ನು ಕರೆದೆ. ಅಜ್ಜ ಉಳಿದ. ಬೆಳಿಗ್ಗೆ ಚಹಾ ಕುಡಿಯುವಾಗ ಹುಡುಗಿ ಅತ್ತಳು. "ಚಳಿ ಬಂದರೆ ನಿಲ್ಲಿಸಬೇಕು ಎಂದು ಗೊತ್ತಿತ್ತು ಸಿಸ್ಟರ್. ಆದರೆ ನಾಲ್ಕು ವರ್ಷದಲ್ಲಿ ರಕ್ತ ಕೊಡುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ವಾರ್ಡಿನಲ್ಲಿ ಮಾಡಿದ್ದನ್ನು ಬರೆಯಬೇಕಾದ ನಮ್ಮ ಲಾಗ್‌ಬುಕ್ ತುಂಬಿಸಿದ್ದು ಹಾಸ್ಟೆಲ್ಲಿನಲ್ಲಿ ಕುಳಿತು."

ಅವಳ ಮೇಲೆ ನನಗೆ ಆಗಲೂ ಸಿಟ್ಟು ಬರಲಿಲ್ಲ, ಈಗಲೂ ಇಲ್ಲ. ನಾಲ್ಕು ವರ್ಷ ಶುಲ್ಕ ತೆಗೆದುಕೊಂಡು ಒಂದು ವಾರ್ಡನ್ನೂ ತೋರಿಸದವರ ಮೇಲೆ ಬಂದ ಸಿಟ್ಟು ಮಾತ್ರ ಇನ್ನೂ ಆರಿಲ್ಲ.

ಕಾಲೇಜು ಹೋಲಿಸುವುದು ಹೇಗೆ

ಮೊದಲು ಒಂದು ಗುಣಾಕಾರ. ಕಾಲೇಜಿಗೆ ಸ್ವಂತ ಆಸ್ಪತ್ರೆ ಅಥವಾ ಅದನ್ನು ನಡೆಸುವ ಸಂಸ್ಥೆಯದೇ ಆದ ಆಸ್ಪತ್ರೆ ಇರಬೇಕು, ಕನಿಷ್ಠ 100 ಹಾಸಿಗೆ, ಅದರಲ್ಲಿ ಮುಕ್ಕಾಲು ಭಾಗ ತುಂಬಿರಬೇಕು, ಒಬ್ಬ ವಿದ್ಯಾರ್ಥಿಗೆ ಮೂವರು ರೋಗಿಗಳು ಸಿಗಬೇಕು ಎನ್ನುತ್ತದೆ ನರ್ಸಿಂಗ್ ಪರಿಷತ್ತು. 100 ಹಾಸಿಗೆಯಲ್ಲಿ 75 ರೋಗಿಗಳು ಎಂದರೆ ಒಂದು ಹೊತ್ತಿಗೆ ಅಲ್ಲಿ ಸರಿಯಾಗಿ ಕಲಿಯಬಹುದಾದವರು 25 ಮಂದಿ. ವರ್ಷಕ್ಕೆ 60 ಸೀಟಿನ ಕಾಲೇಜಿನಲ್ಲಿ ನಾಲ್ಕು ವರ್ಷದವರು ಸೇರಿ 240. ಎಲ್ಲರೂ ಒಂದೇ ದಿನ ಪೋಸ್ಟಿಂಗ್‌ಗೆ, ಅಂದರೆ ವಾರ್ಡಿನ ತರಬೇತಿಗೆ, ಹೋಗುವುದಿಲ್ಲ ನಿಜ, ಆದರೂ ಮಿಕ್ಕವರು ಎಲ್ಲಿಗೆ ಹೋಗುತ್ತಾರೆ? ಈ ಪ್ರಶ್ನೆಯನ್ನು ಪ್ರಾಂಶುಪಾಲರಿಗೆ ನೇರವಾಗಿ ಕೇಳಿ. ಒಳ್ಳೆಯ ಕಾಲೇಜಿನವರು ಆಸ್ಪತ್ರೆಗಳ ಹೆಸರು, ವಾರ್ಡು, ತಿಂಗಳು ಸಮೇತ ಪೋಸ್ಟಿಂಗ್ ಪಟ್ಟಿಯನ್ನೇ ತೆಗೆದು ತೋರಿಸುತ್ತಾರೆ. "ಎಲ್ಲ ದೊಡ್ಡ ಆಸ್ಪತ್ರೆಗಳ ಜೊತೆಗೂ ನಮಗೆ ಒಪ್ಪಂದ ಇದೆ" ಎಂದಷ್ಟೇ ಹೇಳಿ ನಕ್ಕರೆ ಎದ್ದು ಬನ್ನಿ.

ಬೆಂಗಳೂರಿನಲ್ಲಿ ರೋಗಿಗಳ ಲೆಕ್ಕದಲ್ಲಿ ಸರ್ಕಾರಿ ಸಂಸ್ಥೆಗಳನ್ನು ಮೀರಿಸುವುದು ಕಷ್ಟ. ಕೋಟೆಯ ಸರ್ಕಾರಿ ನರ್ಸಿಂಗ್ ಕಾಲೇಜಿನ ಪಕ್ಕದಲ್ಲೇ 1900ರಿಂದ ನಡೆಯುತ್ತಿರುವ ವಿಕ್ಟೋರಿಯಾ, ಹೆರಿಗೆ ಮತ್ತು ಮಕ್ಕಳಿಗೆ ವಾಣಿವಿಲಾಸ, ಕಣ್ಣಿಗೆ ಮಿಂಟೋ ಇವೆ. ಕಟ್ಟಡ ಹಳೆಯದು, ಹಾಸ್ಟೆಲ್ ಇಕ್ಕಟ್ಟು ಎಂದು ಮೂಗು ಮುರಿಯುವವರಿದ್ದಾರೆ. ಆದರೆ ವಾಣಿವಿಲಾಸದ ಹೆರಿಗೆ ಕೋಣೆಯಲ್ಲಿ ಒಂದು ತಿಂಗಳು ನಿಂತ ಹುಡುಗಿ ಕಾಣುವಷ್ಟು ಹೆರಿಗೆಗಳನ್ನು ಸಣ್ಣ ಆಸ್ಪತ್ರೆಯ ಹುಡುಗಿ ಒಂದು ವರ್ಷದಲ್ಲೂ ಕಾಣುವುದಿಲ್ಲ. ಸೀಟು ಕಡಿಮೆ, ಪೈಪೋಟಿ ಹೆಚ್ಚು. ನಿಮ್ಹಾನ್ಸ್‌ನ ಪ್ರವೇಶ ಬೇರೆಯೇ, ಅವರದೇ ಪರೀಕ್ಷೆ. ಮಾನಸಿಕ ಆರೋಗ್ಯ, ನರರೋಗದ ಕಡೆ ಒಲವಿದ್ದರೆ ಆ ಅರ್ಜಿಯನ್ನು ತಪ್ಪಿಸಬೇಡಿ.

ಎರಡನೆಯದು ದೊಡ್ಡ ಟ್ರಸ್ಟ್ ಮತ್ತು ಮಿಷನ್ ಆಸ್ಪತ್ರೆಗಳ ಕಾಲೇಜುಗಳು. ಸೇಂಟ್ ಜಾನ್ಸ್, 1886ರಿಂದ ಇರುವ ಸೇಂಟ್ ಮಾರ್ಥಾಸ್, ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ, ಎಂ.ಎಸ್. ರಾಮಯ್ಯ ಇವೆಲ್ಲ ಈ ಸಾಲಿಗೆ ಸೇರುತ್ತವೆ. ಆಸ್ಪತ್ರೆಯೇ ಮೊದಲು, ಕಾಲೇಜು ಅದರೊಳಗೆ. ಶಿಸ್ತು ಬಿಗಿ, ಶುಲ್ಕ ಸರ್ಕಾರಿಗಿಂತ ಹೆಚ್ಚು. ಕಲಿಕೆಗೆ ಮಾತ್ರ ನಾನು ಕಣ್ಣು ಮುಚ್ಚಿ ಒಪ್ಪುವ ಮಾದರಿ ಇದು.

ಮೂರನೆಯದು ಆಸ್ಪತ್ರೆ ಎಲ್ಲೋ, ಕಾಲೇಜು ಎಲ್ಲೋ ಇರುವವು. ಸಂಖ್ಯೆ ಇವುಗಳದ್ದೇ ಹೆಚ್ಚು. ಎಲ್ಲವೂ ಕೆಟ್ಟವಲ್ಲ, ಪ್ರಾಮಾಣಿಕವಾಗಿ ಬೆಳಿಗ್ಗೆ ಆರೂವರೆಗೆ ಬಸ್ಸು ಹೊರಡಿಸಿ, ಜೊತೆಗೆ ಅಧ್ಯಾಪಕರನ್ನೂ ಕಳಿಸುವ ಕಾಲೇಜುಗಳನ್ನು ನಾನು ಬಲ್ಲೆ. ಅವುಗಳನ್ನು ಗುರುತಿಸಲು ಒಂದೇ ದಾರಿ. ಭಾನುವಾರ ಹೋಗಬೇಡಿ, ಮಧ್ಯಾಹ್ನ ಹೋಗಬೇಡಿ. ವಾರದ ನಡುವೆ ಬೆಳಿಗ್ಗೆ ಆರೂವರೆಗೆ ಗೇಟಿನ ಮುಂದೆ ನಿಲ್ಲಿ. ಸಮವಸ್ತ್ರ ತೊಟ್ಟ ಮಕ್ಕಳು ಬಸ್ಸು ಹತ್ತುತ್ತಾರೋ ಇಲ್ಲವೋ ನೋಡಿ. ಮೂರನೆಯ ವರ್ಷದ ಒಬ್ಬ ಹುಡುಗಿಯನ್ನು ಪ್ರೀತಿಯಿಂದ ಕೇಳಿ: "ನಿನ್ನೆ ಯಾವ ವಾರ್ಡಿನಲ್ಲಿದ್ದೆಯಮ್ಮ? ಎಷ್ಟು ರೋಗಿಗಳನ್ನು ನೋಡಿಕೊಂಡೆ?" ಪ್ರಯೋಗಾಲಯದ ಬೊಂಬೆಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದ್ದಾರೋ ಇಲ್ಲವೋ ಎಂಬುದನ್ನೂ ಗಮನಿಸಿ.

ಕಾಗದಪತ್ರದ ಪರೀಕ್ಷೆ ಇದಾದ ಮೇಲೆ. ವಿಶ್ವವಿದ್ಯಾಲಯದ ಸಂಯೋಜನೆ ಈ ವರ್ಷಕ್ಕೆ ಇದೆಯೇ, ಎಷ್ಟು ಸೀಟಿಗೆ ಇದೆ, ಕರ್ನಾಟಕ ರಾಜ್ಯ ನರ್ಸಿಂಗ್ ಪರಿಷತ್ತಿನ ಅನುಮತಿ ಇದೆಯೇ ನೋಡಿ. ಮಾನ್ಯತೆ ಕೊಡುವ ಅಧಿಕಾರ ರಾಜ್ಯದ್ದೋ ಕೇಂದ್ರ ಪರಿಷತ್ತಿನದ್ದೋ ಎಂಬ ವಿವಾದ 2016–17ರಲ್ಲಿ ಹೈಕೋರ್ಟಿನವರೆಗೂ ಹೋಗಿತ್ತು, ಆಗ ಸಾವಿರಾರು ಮನೆಗಳು ಕಂಗಾಲಾಗಿದ್ದವು. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆಯನ್ನು ಅಂಗೀಕರಿಸಿದೆ, ವ್ಯವಸ್ಥೆ ಬದಲಾಗುವ ಹಂತದಲ್ಲಿದೆ. ಆದ್ದರಿಂದ ಬಾಯಿಮಾತು ನಂಬದೆ ಆದೇಶದ ಪ್ರತಿಯನ್ನೇ ಕೇಳಿ.

ಶುಲ್ಕವನ್ನು ವರ್ಷದ ಲೆಕ್ಕದಲ್ಲಿ ಹೋಲಿಸಬೇಡಿ. ಬೋಧನೆ, ಹಾಸ್ಟೆಲ್, ಬಸ್ಸು, ಸಮವಸ್ತ್ರ, ಪರೀಕ್ಷೆ, ಹೊರ ಆಸ್ಪತ್ರೆಯ ಪೋಸ್ಟಿಂಗ್ ಎಲ್ಲ ಸೇರಿ ಕೋರ್ಸು ಮುಗಿಯುವವರೆಗೆ ಎಷ್ಟು ಎಂದು ಬರವಣಿಗೆಯಲ್ಲಿ ಪಡೆಯಿರಿ. ರಾಜ್ಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಎಸ್‌ಎಸ್‌ಪಿ ಜಾಲತಾಣದಲ್ಲಿ ಆ ಕಾಲೇಜಿನ ಹೆಸರು ಬರುತ್ತದೆಯೇ ನೋಡಿ. ಮೂಲ ಅಂಕಪಟ್ಟಿಗಳನ್ನು ಪರಿಶೀಲನೆಗೆ ತೋರಿಸಿ ಹಿಂದಕ್ಕೆ ಪಡೆಯಿರಿ. "ಕಾಲೇಜಿಗೆ ಬರದಿದ್ದರೂ ನಡೆಯುತ್ತದೆ, ಹಾಜರಾತಿ ನಾವು ನೋಡಿಕೊಳ್ಳುತ್ತೇವೆ" ಎಂದವರ ಮೆಟ್ಟಿಲು ಮತ್ತೆ ಹತ್ತಬೇಡಿ. ಬಿಎಸ್ಸಿಗೆ ಪಾಠದಲ್ಲಿ ಶೇ. 80 ಹಾಜರಾತಿ ಬೇಕು, ಪದವಿ ಕೈಗೆ ಬರುವ ಮೊದಲು ಪ್ರಾಯೋಗಿಕದಲ್ಲಿ ನೂರಕ್ಕೆ ನೂರು ಆಗಿರಬೇಕು. ಆರು ತಿಂಗಳ 'ನರ್ಸಿಂಗ್ ಅಸಿಸ್ಟೆಂಟ್' ಕೋರ್ಸುಗಳಿಂದ ನರ್ಸ್ ಎಂದು ನೋಂದಣಿ ಆಗುವುದಿಲ್ಲ.

ಹೊರದೇಶ ಮತ್ತು ಭಾಷೆ

ಪುಸ್ತಿಕೆಯ ವಿಮಾನದ ವಿಷಯ ಚುಟುಕಾಗಿ ಹೇಳುತ್ತೇನೆ. ಜರ್ಮನಿಯಲ್ಲಿ ನರ್ಸ್ ಎಂದು ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಜರ್ಮನ್ ಭಾಷೆಯ ಬಿ2 ಹಂತ ಮುಟ್ಟಬೇಕು. ಬ್ರಿಟನ್ನಿಗೆ ಐಇಎಲ್‌ಟಿಎಸ್ ಅಥವಾ ಒಇಟಿ ಎಂಬ ಇಂಗ್ಲಿಷ್ ಪರೀಕ್ಷೆ, ಅದರ ಮೇಲೆ ನರ್ಸಿಂಗ್‌ನ ಅವರ ಎರಡು ಪರೀಕ್ಷೆಗಳು. ಅಮೆರಿಕಕ್ಕೆ ಅಲ್ಲಿನ ನರ್ಸಿಂಗ್ ಪರವಾನಗಿ ಪರೀಕ್ಷೆ ಎನ್‌ಕ್ಲೆಕ್ಸ್. ಕೊಲ್ಲಿ ರಾಷ್ಟ್ರಗಳ ಹೆಚ್ಚಿನ ಆಸ್ಪತ್ರೆಗಳು ಎರಡು ವರ್ಷದ ಅನುಭವ ಕೇಳುತ್ತವೆ. ಇವನ್ನೆಲ್ಲ ಪಾಸು ಮಾಡಬೇಕಾದವಳು ನಿಮ್ಮ ಮಗಳು, ಕಾಲೇಜಲ್ಲ. ಕಳಿಸುವ ಏಜೆನ್ಸಿಗೆ ವಿದೇಶಾಂಗ ಸಚಿವಾಲಯದ ಪರವಾನಗಿ ಇದೆಯೇ ಎಂದು ಇಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು.

ಕನ್ನಡ ಮಾಧ್ಯಮದ ಮಕ್ಕಳ ಭಯದ ಬಗ್ಗೆ ಮಾತ್ರ ಸ್ವಲ್ಪ ನಿಲ್ಲಬೇಕು. ಅಂದು ನನ್ನ ಸೋದರಸೊಸೆ ಕೇಳಲು ಹಿಂಜರಿದು ಕೊನೆಗೆ ಕೇಳಿದ್ದು ಇದನ್ನೇ. ಬಿಎಸ್ಸಿಯ ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ಮೊದಲ ಆರು ತಿಂಗಳು ಅಂಗರಚನೆಯ ಪುಸ್ತಕ ಕಲ್ಲಿನಂತೆ ಕಾಣುತ್ತದೆ. ನಾನು ಒಂದು ನೋಟುಪುಸ್ತಕದಲ್ಲಿ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಬರೆದುಕೊಂಡು ಹಾಸ್ಟೆಲ್ಲಿನ ಮೆಟ್ಟಿಲ ಮೇಲೆ ಕುಳಿತು ಓದುತ್ತಿದ್ದೆ. ಎರಡನೆಯ ವರ್ಷಕ್ಕೆ ಆ ಪುಸ್ತಕ ಬೇಕಾಗಲಿಲ್ಲ. ವಾರ್ಡಿಗೆ ಹೋದ ಮೇಲೆ ಲೆಕ್ಕ ತಿರುವುಮುರುವಾಯಿತು. ಮಾಗಡಿಯ ರೈತನೊಬ್ಬ "ಎದೆ ಹಿಂಡಿದಂತೆ ಆಗುತ್ತೆ, ಕೈ ಜೋಮು ಹಿಡಿಯುತ್ತೆ" ಎಂದಾಗ ಇಂಗ್ಲಿಷಿನಲ್ಲಿ ನನಗಿಂತ ಜಾಣರಾಗಿದ್ದ ಸಹಪಾಠಿಗಳು ನನ್ನ ಮುಖ ನೋಡುತ್ತಿದ್ದರು. ಒಬ್ಬ ವೈದ್ಯ, ಒಬ್ಬ ನರ್ಸ್, ಒಬ್ಬ ಲ್ಯಾಬ್ ತಂತ್ರಜ್ಞ ಇರುವ, 'ನಮ್ಮ ಕ್ಲಿನಿಕ್' ಎಂಬ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಬಾಗಿಲಿಗೆ ಬಂದ ಮುದುಕಿಯ ಮೊದಲ ಮಾತು ಬೀಳುವುದು ಆ ನರ್ಸಿನ ಕಿವಿಗೆ. ಈ ರಾಜ್ಯಕ್ಕೆ ಕನ್ನಡದಲ್ಲಿ ನೋವು ಕೇಳಿಸಿಕೊಳ್ಳುವ ನರ್ಸ್‌ಗಳು ಬಹಳ ಬೇಕಾಗಿದ್ದಾರೆ.

ಅದಾದ ಮೇಲೆ ಹುಡುಗಿ ನಮ್ಮ ಮನೆಯಲ್ಲೇ ಒಂದು ವಾರ ಉಳಿದಳು. ಮೂರು ದಿನ ಬೆಳಿಗ್ಗೆ ಐದೂವರೆಗೆ ಎದ್ದು, ಅಪ್ಪನೊಂದಿಗೆ ಬಿಎಂಟಿಸಿ ಬಸ್ಸಿನಲ್ಲಿ ಮೂರು ಕಾಲೇಜುಗಳ ಗೇಟಿನ ಮುಂದೆ ನಿಂತು ಬಂದಳು. ಒಂದರಲ್ಲಿ ಎಂಟೂವರೆಯಾದರೂ ಬಸ್ಸು ಹೊರಡಲಿಲ್ಲ. ಇನ್ನೊಂದರಲ್ಲಿ ಮೂರನೆಯ ವರ್ಷದ ಹುಡುಗಿ ತನ್ನ ಜೇಬಿನಿಂದ ಮಡಚಿದ ಚೀಟಿ ತೆಗೆದು, ಹಿಂದಿನ ದಿನ ನೋಡಿಕೊಂಡ ಮೂವರು ರೋಗಿಗಳ ವಿವರ ತೋರಿಸಿದಳಂತೆ. ಈಗ ಫಲಿತಾಂಶ ಬಂದಿದೆ. ಬೇಕಾದ ಕಾಲೇಜುಗಳನ್ನು ಕ್ರಮವಾಗಿ ನಮೂದಿಸುವ ಆಪ್ಷನ್ ಎಂಟ್ರಿಗೆ ಅವಳು ಬರೆದಿಟ್ಟ ಪಟ್ಟಿಯಲ್ಲಿ ಕೋಟೆಯ ಸರ್ಕಾರಿ ಕಾಲೇಜು ಮೊದಲು, ಚೀಟಿ ತೋರಿಸಿದ ಹುಡುಗಿಯ ಕಾಲೇಜು ಎರಡನೆಯದು. ಎರಡೂ ಸಿಗದಿದ್ದರೆ ಇರಲಿ ಎಂದು ಮಿಷನ್ ಆಸ್ಪತ್ರೆಯೊಂದರ ಜಿಎನ್‌ಎಂಗೆ ಅರ್ಜಿ ತುಂಬಿದ್ದಾಳೆ. ಅದರ ಮೇಲೆ ಸಹಿ ಹಾಕುವಾಗ ಅಣ್ಣ ಏನೂ ಹೇಳಲಿಲ್ಲ, ಹಾಸ್ಟೆಲ್ಲಿನಲ್ಲಿ ರಾಗಿಮುದ್ದೆ ಕೊಡುತ್ತಾರೆಯೇ ಎಂದು ಮಾತ್ರ ಕೇಳಿದ.